ಸಾಲಿನ ನಡುವೆ ಭಿನ್ನರಾಶಿ ಯಾಕೆ ಸಣ್ಣಗಾಗುತ್ತದೆ?

ಪ್ರಶ್ನೆ: ಸರ್, ಡೊಂಬಿವಲಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಟ್ಯೂಷನ್ ಮಾಡುತ್ತೇನೆ. ಕಮಾಂಡ್ ಬರೆದು ಪುಟ ಜೋಡಿಸುವ ಸಾಫ್ಟ್‌ವೇರ್ ಲೇಟೆಕ್‌ನಲ್ಲಿ ಪ್ರಶ್ನೆಪತ್ರಿಕೆ ಮಾಡಿದರೆ ವಾಕ್ಯದ ಮಧ್ಯದ ಭಿನ್ನರಾಶಿ ತುಂಬಾ ಸಣ್ಣಗೆ ಬರುತ್ತದೆ. ಎಲ್ಲಿ ತಪ್ಪಿದ್ದೇನೆ?

ಮತ್ತೆ ಅದೇ ಪ್ರಶ್ನೆ! ಪರೀಕ್ಷೆ ಹತ್ತಿರ ಬಂತು ಅಂತ ನನಗೆ ಗೊತ್ತಾಗುವುದೇ ಇದರಿಂದ.

ಎಲ್ಲೂ ತಪ್ಪಿಲ್ಲ ಟೀಚರ್. ಭಿನ್ನರಾಶಿಗೆ ಫ್ರ್ಯಾಕ್ ಕಮಾಂಡ್, ಒಂದು ಫ್ಲವರ್ ಬ್ರಾಕೆಟ್‌ನಲ್ಲಿ ಅಂಶ, ಇನ್ನೊಂದರಲ್ಲಿ ಛೇದ, ಅಷ್ಟೇ. ಬ್ರಾಕೆಟ್ ಮಾತ್ರ ಬಿಡಬೇಡಿ. ಬಿಟ್ಟರೆ 3/16 ಬರೆಯುವಾಗ ಮೂರರ ಕೆಳಗೆ 1 ಮಾತ್ರ ಹೋಗಿ 6 ಪಕ್ಕದಲ್ಲಿ ನಿಲ್ಲುತ್ತದೆ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ: 'ಸಣ್ಣಗೆ ಬಂದರೆ ಅದು ಬಗ್, ಎಲ್ಲಾ ಕಡೆ ಡಿಫ್ರ್ಯಾಕ್ ಹಾಕಿ.' ಡಿಫ್ರ್ಯಾಕ್ ಅಂದರೆ ಭಿನ್ನರಾಶಿಯನ್ನು ಎಲ್ಲಿದ್ದರೂ ದೊಡ್ಡದಾಗಿಯೇ ಬರೆಯುವ ಕಮಾಂಡ್. ಈ ನಂಬಿಕೆ ಯಾರು ಹಬ್ಬಿಸಿದರೋ! ತಮ್ಮ ಪುಸ್ತಕದ ಗಣಿತ ಕೆಟ್ಟದಾಗಿ ಅಚ್ಚಾಗುವುದನ್ನು ನೋಡಲಾರದೆ 1977ರಲ್ಲಿ ಲೇಟೆಕ್‌ಗೆ ಬುನಾದಿಯಾದ ಟೆಕ್ ಕಟ್ಟಲು ಹೊರಟವರು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್. ಅಂಥವರು ಇದನ್ನು ಸುಮ್ನೆ ಬಿಟ್ಟಿರುತ್ತಾರಾ? ಸಾಲಿನೊಳಗೆ ಒಂದು ಗಾತ್ರ, ಪ್ರತ್ಯೇಕ ಸಾಲಿನಲ್ಲಿ ಇನ್ನೊಂದು ಅಂತ ಬೇಕಂತಲೇ ಇಟ್ಟಿದ್ದಾರೆ. ಅಕ್ಷರ 10 ಪಾಯಿಂಟ್ ಇದ್ದರೆ ಸಾಲಿನೊಳಗಿನ ಅಂಶ, ಛೇದ 7 ಪಾಯಿಂಟ್‌ಗೆ ಇಳಿಯುತ್ತವೆ. ಲೋಕಲ್ ಟ್ರೇನಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದರೆ ಕುಗ್ಗಿ ಕೂರುತ್ತಾರಲ್ಲ, ಹಾಗೆ. ಡಿಫ್ರ್ಯಾಕ್ ಕುಗ್ಗುವುದಿಲ್ಲ, ಮೇಲಿನ ಕೆಳಗಿನ ಸಾಲುಗಳನ್ನೇ ತಳ್ಳುತ್ತದೆ, ಆ ಪ್ಯಾರಾದಲ್ಲಿ ಒಂದು ಸಾಲಿನ ಅಂತರ ಜಾಸ್ತಿ, ಇನ್ನೊಂದರದು ಕಡಿಮೆ ಆಗಿ ಪುಟವೇ ವಿಕಾರವಾಗುತ್ತದೆ. ಆಮೇಲೆ ಫಾಂಟ್ ಸರಿಯಿಲ್ಲ ಅಂತ ನನಗೇ ಬರೆಯುತ್ತೀರಿ.

ವಾಕ್ಯದ ನಡುವೆ ಓರೆ ಗೆರೆ ಹಾಕಿ 3/4 ಅಂತ ಬರೆದರೆ ಚೆನ್ನಾಗಿಯೇ ಓದಿಸಿಕೊಳ್ಳುತ್ತದೆ. ಮುಖ್ಯವಾದದ್ದನ್ನು ಪ್ರತ್ಯೇಕ ಸಾಲಿಗೆ ತನ್ನಿ. ಉತ್ತರದ ಆಯ್ಕೆಗಳು ಒಂದೊಂದು ಸಾಲಿನಲ್ಲಿದ್ದರೆ, ಅಂತರವನ್ನೂ ಬಿಟ್ಟಿದ್ದರೆ, ಅಲ್ಲಿ ಡಿಫ್ರ್ಯಾಕ್ ಧಾರಾಳವಾಗಿ ಹಾಕಿ, ಐದನೇ ಕ್ಲಾಸಿನ ಮಕ್ಕಳಿಗೆ ದೊಡ್ಡದೇ ಒಳ್ಳೆಯದು. ಅದಕ್ಕೆ ಆಮ್ಸ್‌ಮ್ಯಾಥ್ ಪ್ಯಾಕೇಜ್ (ಹೆಚ್ಚುವರಿ ಗಣಿತ ಕಮಾಂಡ್‌ಗಳ ಕಟ್ಟು) ಬೇಕು.

ಪತ್ರಿಕೆ ತುಂಬಾ ಅರ್ಧ, ಕಾಲು, ಮುಕ್ಕಾಲು ಬರುತ್ತವೆ ಅಲ್ವಾ? ನ್ಯೂಕಮಾಂಡ್‌ನಿಂದ ಒಂದೊಂದಕ್ಕೂ ಮ್ಯಾಕ್ರೋ, ಅಂದರೆ ನಿಮ್ಮದೇ ಚುಟುಕು ಕಮಾಂಡ್, ಮಾಡಿಡಿ. ನಾಳೆ ಗಾತ್ರ ಬದಲಿಸಬೇಕೆನಿಸಿದರೆ ಒಂದೇ ಕಡೆ ತಿದ್ದಿದರಾಯಿತು. ಮ್ಯಾಕ್ರೋ ಹೆಸರಿನಲ್ಲಿ ಅಂಕಿ ಬೇಡ, ಅಕ್ಷರ ಮಾತ್ರ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಕಂಪ್ಯೂಟರಿನ ಕನ್ನಡ ಫಾಂಟ್‌ಗಳನ್ನು ನೇರವಾಗಿ ಬಳಸುವ ಲೇಟೆಕ್ ರೂಪವಾದ ಝೀಲೇಟೆಕ್‌ನಲ್ಲಿ ಭಿನ್ನರಾಶಿಗೆ ೧, ೨ ಅಂತ ಕನ್ನಡ ಅಂಕಿ ಹಾಕಿದರೆ ಬರೀ ಗೆರೆ ಉಳಿಯುತ್ತದೆ. ಮಾಮೂಲಿ ಗಣಿತದ ಫಾಂಟ್‌ನಲ್ಲಿ ಕನ್ನಡ ಅಂಕಿಗಳಿಲ್ಲ. ಕೆಲಸವೇನೂ ನಿಲ್ಲುವುದಿಲ್ಲ, ಲಾಗ್ ಫೈಲಿನಲ್ಲಿ ಒಂದು ಸಾಲಿನ ದೂರು ಇರುತ್ತದೆ, ಅದನ್ನು ಯಾರು ಓದುತ್ತಾರೆ! ಅಂಶ, ಛೇದ ಎರಡನ್ನೂ ಟೆಕ್ಸ್ಟ್ ಕಮಾಂಡ್‌ನೊಳಗೆ ಹಾಕಿ. ಮುಖ್ಯ ಫಾಂಟ್ ಕನ್ನಡದ್ದಾಗಿದ್ದರೆ ಅಂಕಿಗಳು ಮೂಡುತ್ತವೆ, ಗಾತ್ರವೂ ತಾನಾಗಿಯೇ ಹೊಂದಿಕೊಳ್ಳುತ್ತದೆ.