ನೀರಿನಲ್ಲಿ ಕರಗಿದ ಅಮೈಡು ಮತ್ತು ರಾಮನ್ ರೋಹಿತ

ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತಕ್ಕೂ ಕಬ್ಬಿಗೂ ಎರಚುವ ಯೂರಿಯಾವನ್ನು ಒಂದು ಹಿಡಿ ನೀರಿಗೆ ಹಾಕಿ ಕಲಕಿದರೆ, ಹರಳು ಕರಗುತ್ತಿದ್ದಂತೆ ನೀರು ತಣ್ಣಗಾಗುತ್ತದೆ. ರಸಾಯನಶಾಸ್ತ್ರದಲ್ಲಿ ಯೂರಿಯಾ ಅಮೈಡುಗಳ ಕುಲಕ್ಕೆ ಸೇರಿದ್ದು. ಆಮ್ಲಜನಕವನ್ನು ದ್ವಿಬಂಧದಿಂದ ಹಿಡಿದ ಇಂಗಾಲಕ್ಕೆ ಸಾರಜನಕ ಕೂಡಿಕೊಂಡಿರುವುದು ಈ ಕುಲದ ಗುರುತು. ಪ್ರೋಟೀನಿನ ಬೆನ್ನೆಲುಬೂ ಇದೇ ಬಂಧದ ಸರಪಳಿಯಾದ್ದರಿಂದ, ಕರಗಿದ ಅಮೈಡಿನ ರಚನೆ ಹೇಗಿರುತ್ತದೆಂಬ ಪ್ರಶ್ನೆಗೆ ತೂಕ ಬಂದಿತು.

ಜರ್ಮನಿಯ ರಸಾಯನಶಾಸ್ತ್ರಜ್ಞ ವೋಲರ್ ಯೂರಿಯಾವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದು 1828ರಲ್ಲಿ. ಸರಿಯಾಗಿ ನೂರು ವರ್ಷದ ಮೇಲೆ, 1928ರ ಫೆಬ್ರವರಿ 28ರಂದು, ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಚದುರಿದ ಬೆಳಕಿನಲ್ಲಿ ಹೊಸ ಗೆರೆಗಳನ್ನು ಕಂಡರು. ಮಾರ್ಚ್ 16ರಂದು ರಾಮನ್ ಅದನ್ನು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದರು. ಅಣುವಿನ ಕಂಪನಕ್ಕೆ ತಕ್ಕಂತೆ ಬೆಳಕಿನ ಬಣ್ಣ ತುಸು ಬದಲಾಗುವುದೇ ಈ ಗೆರೆಗಳ ಮೂಲ. ಗೆರೆಗಳ ಈ ಸಾಲೇ ರಾಮನ್ ರೋಹಿತ; ಅದನ್ನು ಓದಿ ಅಣುವಿನ ರಚನೆಯನ್ನು ಊಹಿಸಬಹುದು.

ಅಮೈಡಿಗೆ ಈ ವಿಧಾನ ಒಗ್ಗಿದ್ದು ಮುಖ್ಯವಾಗಿ ನೀರಿನ ಗುಣದಿಂದ. ಅಮೈಡಿನ ಮುಖ್ಯ ಪಟ್ಟಿ (ಇಂಗಾಲ–ಆಮ್ಲಜನಕ ದ್ವಿಬಂಧದ ಕಂಪನ ಮೂಡಿಸುವ ಅಗಲ ಗೆರೆ) ಸೆಂಟಿಮೀಟರಿಗೆ 1650 ಅಲೆಗಳ ಆಸುಪಾಸಿನಲ್ಲಿದೆ, ಮತ್ತು ಅವಗೆಂಪು (ಇನ್‌ಫ್ರಾರೆಡ್) ಕಿರಣ ಹಾಯಿಸಿ ನೋಡಿದರೆ ಅದೇ ಜಾಗದಲ್ಲಿ ನೀರು ಆ ಕಿರಣವನ್ನು ಹೀರಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ರಾಮನ್ ರೋಹಿತದಲ್ಲಾದರೋ ನೀರಿನ ಆ ಗೆರೆ ಬಹಳ ಮಸುಕು. ಆದರೆ ಪಾದರಸ ದೀಪವೇ ಬೆಳಕಿನ ಮೂಲವಾಗಿದ್ದ ಕಾಲದಲ್ಲಿ ಛಾಯಾಫಲಕವನ್ನು ಗಂಟೆಗಟ್ಟಲೆ ಬೆಳಕಿಗೊಡ್ಡಬೇಕಿತ್ತು. 1960ರಲ್ಲಿ ಲೇಸರ್ ಬಂದ ನಂತರವೇ ಕೆಲಸ ಹಗುರವಾಯಿತು.

ಅಷ್ಟರಲ್ಲಿ, 1951ರಲ್ಲಿ, ಅಮೆರಿಕದ ರಸಾಯನಶಾಸ್ತ್ರಜ್ಞ ಪಾಲಿಂಗ್ ಮತ್ತು ಸಂಗಡಿಗರು ಪ್ರೋಟೀನಿನ ಸುರುಳಿಯ ಮಾದರಿಯನ್ನು ಕಟ್ಟುವಾಗ ಅಮೈಡಿನ ಗುಂಪು ಚಪ್ಪಟೆಯಾಗಿರುತ್ತದೆ, ಇಂಗಾಲ–ಸಾರಜನಕ ಬಂಧಕ್ಕೂ ಅರೆ ದ್ವಿಬಂಧದ ಗುಣವಿದೆ ಎಂಬುದನ್ನೇ ಆಧಾರವಾಗಿಟ್ಟುಕೊಂಡಿದ್ದರು. ಇದನ್ನು ದ್ರಾವಣದಲ್ಲಿ ಪರೀಕ್ಷಿಸಲು ಒದಗಿದ ಪುಟ್ಟ ಅಣು ಎನ್-ಮೀಥೈಲ್ ಅಸಿಟಮೈಡು. ಆವಿಯಲ್ಲಿ ಅದರ ಮುಖ್ಯ ಪಟ್ಟಿ 1700ಕ್ಕಿಂತ ಮೇಲಿದ್ದರೆ, ನೀರಿನಲ್ಲಿ ಸುಮಾರು 1630ಕ್ಕೆ ಇಳಿಯುತ್ತದೆ. ನೀರು ಜಲಜನಕ ಬಂಧದಿಂದ ಆಮ್ಲಜನಕವನ್ನು ಹಿಡಿದೆಳೆದಾಗ ಅದರ ದ್ವಿಬಂಧ ಸಡಿಲಗೊಂಡು, ಪಕ್ಕದ ಇಂಗಾಲ–ಸಾರಜನಕ ಬಂಧ ಬಿಗಿಯಾಗುತ್ತದೆ; ಆದ್ದರಿಂದ 1300ರ ಸುತ್ತಲಿನ ಇನ್ನೊಂದು ಪಟ್ಟಿ ಮೇಲಕ್ಕೇರುತ್ತದೆ. ಒಂದು ಇಳಿದು ಇನ್ನೊಂದು ಏರುವ ಈ ಜೋಡಿ ಸಾಕ್ಷ್ಯ, ನನ್ನ ದೃಷ್ಟಿಯಲ್ಲಿ, ಯಾವುದೇ ಒಂಟಿ ಅಂಕಿಗಿಂತ ನಂಬಲರ್ಹ.

ಡೈಮೀಥೈಲ್ ಫಾರ್ಮಮೈಡೆಂಬ ಇನ್ನೊಂದು ಅಮೈಡಿನ ಸಾರಜನಕದಲ್ಲಿ ಬಂಧಕ್ಕೆ ಕೊಡಲು ಜಲಜನಕವೇ ಇಲ್ಲ. ಆದರೂ ಶುದ್ಧ ದ್ರವದಲ್ಲಿ ಅದರ ಮುಖ್ಯ ಪಟ್ಟಿ ರಾಮನ್ ರೋಹಿತದಲ್ಲಿ ಒಂದು ಕಡೆ, ಅವಗೆಂಪಿನಲ್ಲಿ ಇನ್ನೊಂದು ಕಡೆ ಕಾಣುತ್ತದೆ. ಬೇರೆ ದ್ರಾವಕ ಬೆರೆಸಿ ತೆಳುವಾಗಿಸಿದಂತೆ ಅಂತರ ಕುಗ್ಗುತ್ತದೆ. ನೆರೆಯ ಅಣುಗಳ ಕಂಪನಗಳು ಪರಸ್ಪರ ಬೆಸೆದುಕೊಂಡಿರುವುದೇ ಇದಕ್ಕೆ ಕಾರಣ.