ಒಲಿವಿಯಾ ‘ನೀವು’ ಬಿಟ್ಟು ‘ನೀನು’ ಅಂದದ್ದು ಯಾವಾಗ?

ಓದುಗರ ಪ್ರಶ್ನೆ: ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ಓದ್ತಾ ಇದ್ದೇನೆ. ಅದೇ ಪಾತ್ರ ಒಂದು ಕಡೆ ಪದ್ಯದಲ್ಲಿ ಮಾತಾಡುತ್ತೆ, ಸ್ವಲ್ಪ ಹೊತ್ತಿಗೆ ಗದ್ಯಕ್ಕೆ ಇಳಿಯುತ್ತೆ. ಎದುರಿಗಿರುವವರನ್ನು ಒಮ್ಮೆ ‘ಯೂ’ ಅನ್ನುತ್ತೆ, ಒಮ್ಮೆ ‘ದೌ’ ಅನ್ನುತ್ತೆ. ಇದಕ್ಕೊಂದು ಲೆಕ್ಕ ಇದೆಯಾ, ಇಲ್ಲಾ ಆ ಕಾಲದ ಇಂಗ್ಲಿಷೇ ಹಾಗಾ?

ಲೆಕ್ಕ ಖಂಡಿತ ಇದೆ. ಅದರಲ್ಲೂ ‘ಯೂ’, ‘ದೌ’ ಲೆಕ್ಕ ಇವತ್ತಿನ ಲಂಡನ್ ಹುಡುಗರಿಗಿಂತ ನಮಗೇ ಬೇಗ ಹಿಡಿಯುತ್ತದೆ. ಅವರ ಭಾಷೆಯಲ್ಲಿ ಈಗ ಎಲ್ಲರಿಗೂ ಒಂದೇ ‘ಯೂ’. ಷೇಕ್ಸ್‌ಪಿಯರನ ಕಾಲದಲ್ಲಿ ಎರಡೂ ಬಳಕೆಯಲ್ಲಿದ್ದವು. ದೊಡ್ಡವರಿಗೆ, ಹೊಸಬರಿಗೆ, ಮರ್ಯಾದೆಯ ಮಾತಿಗೆ ‘ಯೂ’. ಆಳುಗಳಿಗೆ, ಮಕ್ಕಳಿಗೆ, ಪ್ರೀತಿ ಉಕ್ಕಿದಾಗ, ಸಿಟ್ಟು ನೆತ್ತಿಗೇರಿದಾಗ, ದೇವರನ್ನು ಬೇಡುವಾಗ ‘ದೌ’. ನಮ್ಮ ‘ನೀವು’, ‘ನೀನು’ ಇದ್ದ ಹಾಗೇ. ನಾವೂ ದೇವರಿಗೆ ‘ನೀನೇ ಕಾಪಾಡಪ್ಪ’ ಅನ್ನುತ್ತೇವಲ್ಲ! ಇನ್ನು ಜಗಳ. ‘ಏನ್ರೀ’ ಅಂತ ಶುರುವಾದದ್ದು ‘ಏನೋ’ಗೆ ಇಳಿದರೆ ಕೈ ಮಿಲಾಯಿಸುವುದೊಂದೇ ಬಾಕಿ ಅಂತ ಬಸ್ಸಿನಲ್ಲಿ ಕೂತವರಿಗೆಲ್ಲ ಗೊತ್ತಾಗುತ್ತದೆ.

ನಾಟಕವೇ ಇದನ್ನು ಬಾಯಿಬಿಟ್ಟು ಹೇಳುತ್ತದೆ. ಸರ್ ಟೋಬಿ ಎಂಬ ಕುಡುಕ, ಸರ್ ಆಂಡ್ರೂ ಎಂಬ ಪೆದ್ದನಿಗೆ ಕಾಳಗಕ್ಕೆ ಕರೆಯುವ ಕಾಗದ ಬರೆಯುವುದು ಹೇಗೆ ಅಂತ ಕಲಿಸುತ್ತಾನೆ. ಎದುರಾಳಿಯನ್ನು ಒಂದು ಮೂರು ಸಲ ‘ದೌ’ ಅಂದುಬಿಡು, ತಪ್ಪೇನಿಲ್ಲ ಅನ್ನುತ್ತಾನೆ. ಆಂಡ್ರೂ ಚಾಚೂ ತಪ್ಪದೆ ಪಾಲಿಸುತ್ತಾನೆ. ಅವನ ಕಾಗದ ಶುರುವಾಗುವುದೇ ಹೀಗೆ: ‘ಏ ಹುಡುಗ, ನೀನು ಯಾರೇ ಆಗಿರು, ನೀನೊಬ್ಬ ನೀಚ.’

ಕಥೆ ಮರೆತವರಿಗೆ ಎರಡು ಮಾತು. ಹಡಗು ಒಡೆದು ವಯೋಲಾ ಇಲಿರಿಯಾದ ದಡ ಸೇರುತ್ತಾಳೆ. ಜೊತೆಗೇ ಹುಟ್ಟಿದ ಸೆಬಾಸ್ಟಿಯನ್ ಮುಳುಗಿಹೋದ ಅಂದುಕೊಂಡಿದ್ದಾಳೆ. ಗಂಡುವೇಷ ಹಾಕಿ, ಸೆಸಾರಿಯೋ ಅಂತ ಹೆಸರಿಟ್ಟುಕೊಂಡು ಆರ್ಸಿನೋ ದೊರೆಯ ಬಳಿ ಕೆಲಸಕ್ಕೆ ಸೇರುತ್ತಾಳೆ. ಅವನ ಮೇಲೆ ಮನಸ್ಸಾಗುತ್ತದೆ. ಅವನಿಗೋ ಒಲಿವಿಯಾ ಎಂಬ ಶ್ರೀಮಂತೆಯ ಹುಚ್ಚು. ತನ್ನ ಪ್ರೀತಿ ತಿಳಿಸಿ ಬಾ ಅಂತ ಈ ‘ಹುಡುಗ’ನನ್ನೇ ಕಳಿಸುತ್ತಾನೆ. ಒಲಿವಿಯಾ ದೊರೆಯನ್ನು ಬಿಟ್ಟು ಹುಡುಗನಿಗೇ ಮರುಳಾಗುತ್ತಾಳೆ.

ಆಗ ಇಂಗ್ಲೆಂಡಿನ ರಂಗದ ಮೇಲೆ ಹೆಣ್ಣು ಪಾತ್ರಗಳನ್ನು ಹುಡುಗರೇ ಮಾಡುತ್ತಿದ್ದರು. ಅಂದರೆ ಹುಡುಗನೊಬ್ಬ ಹೆಣ್ಣಾಗಿ, ಆ ಹೆಣ್ಣು ಮತ್ತೆ ಹುಡುಗನಾಗಿ ನಿಂತದ್ದು. ‘ನಿನ್ನ ತುಟಿ, ನಿನ್ನ ಸಣ್ಣ ದನಿ, ಎಲ್ಲ ಹೆಣ್ಣಿನ ಪಾತ್ರಕ್ಕೆ ಹೇಳಿ ಮಾಡಿಸಿದ ಹಾಗಿದೆ’ ಅಂತ ಆರ್ಸಿನೋ ಅಂದಾಗ ಆ ಕಾಲದ ಪ್ರೇಕ್ಷಕರು ಎರಡೆರಡು ಸಲ ನಕ್ಕಿರಬೇಕು. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಈ ಮಜಾ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಪದ್ಯ, ಗದ್ಯಕ್ಕೆ ಬರೋಣ. ಷೇಕ್ಸ್‌ಪಿಯರನ ಪದ್ಯವೆಂದರೆ ಹೆಚ್ಚಾಗಿ ಪ್ರಾಸವಿಲ್ಲದ್ದು. ಒಂದು ಸಾಲಿಗೆ ಸುಮಾರು 10 ಉಚ್ಚಾರ, ಒಂದು ಮೆತ್ತಗೆ, ಒಂದು ಒತ್ತಿ, ಹೀಗೆ 5 ಜೋಡಿ. ‘ದೊಡ್ಡ ಮನೆತನದವರಿಗೆ ಪದ್ಯ, ಕೆಳಗಿನವರಿಗೆ ಗದ್ಯ’ ಅಂತ ಪರೀಕ್ಷೆಯ ನೋಟ್ಸ್‌ಗಳಲ್ಲಿ ಒಂದು ಸಾಲು ಇರುತ್ತದೆ. ಪೂರ್ತಿ ಸುಳ್ಳಲ್ಲ. ಆದರೆ ಈ ನಾಟಕದಲ್ಲಿ ಅದನ್ನು ನಂಬಿ ಹೊರಟರೆ ಎಡವುತ್ತೀರಿ. ಇಲ್ಲಿ ಅರ್ಧಕ್ಕಿಂತ ಜಾಸ್ತಿ ಗದ್ಯವೇ. ಟೋಬಿ ‘ಸರ್’ ಆದರೂ ಗದ್ಯ. ವಯೋಲಾಳನ್ನು ದಡ ಸೇರಿಸಿದ ಹಡಗಿನ ಕಪ್ತಾನನದು ಪದ್ಯ. ಹಾಗಾಗಿ ಯಾರು ಮಾತಾಡುತ್ತಿದ್ದಾರೆ ಅನ್ನುವುದಕ್ಕಿಂತ ಮಾತು ಎಲ್ಲಿ ಬದಲಾಯಿತು ಅಂತ ನೋಡಿ.

ಮೊದಲ ಅಂಕದ ಐದನೇ ದೃಶ್ಯವನ್ನೇ ತೆಗೆದುಕೊಳ್ಳಿ. ಇಡೀ ನಾಟಕದಲ್ಲಿ ನನಗೆ ತುಂಬ ಇಷ್ಟವಾದದ್ದು ಇದು. ವಯೋಲಾ ದೊರೆಯ ಸಂದೇಶವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಾಳೆ. ‘ಕಷ್ಟಪಟ್ಟು ಉರು ಹೊಡೆದಿದ್ದೇನೆ, ಸುಮ್ನೆ ವ್ಯರ್ಥವಾಗಬಾರದು, ಇಲ್ಲಿ ಮನೆಯೊಡತಿ ಯಾರು?’ ಅಂತ ಕೇಳುತ್ತಾಳೆ. ಒಲಿವಿಯಾ ಮುಖಕ್ಕೆ ಮುಸುಕು ಎಳೆದುಕೊಂಡು ಆಟ ಆಡಿಸುತ್ತಾಳೆ. ಇಬ್ಬರದೂ ಗದ್ಯ, ಇಬ್ಬರದೂ ಚುರುಕು ನಾಲಿಗೆ. ಕೊನೆಗೆ ಒಲಿವಿಯಾ ಮುಸುಕು ತೆಗೆದು, ಚಿತ್ರ ಚೆನ್ನಾಗಿದೆಯಾ ಅಂತ ಕೇಳುತ್ತಾಳೆ. ‘ಎಲ್ಲ ದೇವರೇ ಬರೆದದ್ದಾದರೆ ಚೆನ್ನಾಗಿದೆ’ ಅಂತ ವಯೋಲಾ ಕುಟುಕುತ್ತಾಳೆ. ಬಣ್ಣ ಬಳಿದದ್ದಲ್ಲವಷ್ಟೇ ಅಂತ ಅರ್ಥ.

ಇದಾಗಿ ಒಂದೇ ಉಸಿರಿನಲ್ಲಿ ವಯೋಲಾಳ ಮಾತು ಪದ್ಯಕ್ಕೆ ಏರುತ್ತದೆ. ಆ ಮುಖ ನಿಜಕ್ಕೂ ಚೆಲುವಾಗಿದೆ. ತಾನು ಪ್ರೀತಿಸುವವನು ಇವಳಿಗೇಕೆ ಸೋತ ಅಂತ ಅವಳಿಗೆ ಈಗ ಕಣ್ಣಾರೆ ಗೊತ್ತಾಗಿದೆ. ಉರು ಹೊಡೆದದ್ದು ಅಲ್ಲಿಗೆ ಮುಗಿಯಿತು. ಒಲಿವಿಯಾ ಮಾತ್ರ ಇನ್ನೂ ಬಗ್ಗುವುದಿಲ್ಲ. ‘ನನ್ನ ಚೆಲುವಿನ ಪಟ್ಟಿ ಬರೆಸುತ್ತೇನೆ. ತುಟಿ ಎರಡು, ಸಾಧಾರಣ ಕೆಂಪು. ಕಣ್ಣು ಎರಡು, ರೆಪ್ಪೆ ಸಮೇತ’ ಅಂತ ಅಂಗಡಿ ಲೆಕ್ಕದ ಧಾಟಿಯಲ್ಲಿ ಗದ್ಯದಲ್ಲೇ ಗೇಲಿ ಮಾಡುತ್ತಾಳೆ. ವಯೋಲಾ ಪದ್ಯ ಬಿಡುವುದಿಲ್ಲ. ಇನ್ನು ಕೆಲವೇ ಸಾಲು. ಒಲಿವಿಯಾಳೂ ಪದ್ಯಕ್ಕೆ ಜಾರುತ್ತಾಳೆ. ತಾನು ಸೋಲುತ್ತಿದ್ದೇನೆ ಅಂತ ಅವಳಿಗಿಂತ ಮೊದಲು ಅವಳ ಲಯವೇ ಹೇಳಿಬಿಡುತ್ತದೆ.

ಆಮೇಲೆ ಬರುತ್ತದೆ ‘ವಿಲ್ಲೋ’ ಮರದ ಗುಡಿಸಲಿನ ಮಾತು. ನಾನಾಗಿದ್ದರೆ ನಿಮ್ಮ ಬಾಗಿಲಲ್ಲೇ ವಿಲ್ಲೋ ರೆಂಬೆಯ ಗುಡಿಸಲು ಕಟ್ಟಿಕೊಳ್ಳುತ್ತಿದ್ದೆ, ನಡುರಾತ್ರಿ ಹಾಡುತ್ತಿದ್ದೆ, ಬೆಟ್ಟಗಳೆಲ್ಲ ‘ಒಲಿವಿಯಾ’ ಅಂತ ಮಾರ್ದನಿ ಕೊಡುವ ಹಾಗೆ ಕೂಗುತ್ತಿದ್ದೆ. ಇಂಗ್ಲಿಷರಿಗೆ ವಿಲ್ಲೋ ಅಂದರೆ ಕೈಗೂಡದ ಪ್ರೀತಿಯ ಗುರುತು. ವಯೋಲಾ ದೊರೆಯ ಪರವಾಗಿ ಮಾತಾಡುತ್ತಾ ತನ್ನದೇ ಸಂಕಟವನ್ನು ಹೊರಗೆ ಹಾಕುತ್ತಿದ್ದಾಳೆ. ಒಲಿವಿಯಾ ಕೇಳಿಸಿಕೊಂಡದ್ದೇ ಬೇರೆ. ಅವಳ ಉತ್ತರ: ‘ನೀವು ಏನು ಬೇಕಾದರೂ ಸಾಧಿಸಬಲ್ಲಿರಿ. ನಿಮ್ಮದು ಯಾವ ಮನೆತನ?’ ಮನೆತನ ವಿಚಾರಿಸಿದಳು ಅಂದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ!

ಇಲ್ಲಿಯವರೆಗೂ ಅವಳು ಅವನಿಗೆ ‘ಯೂ’ ಅಂತಲೇ ಅಂದದ್ದು. ಹುಡುಗ ಹೊರಗೆ ಹೋದ. ಒಬ್ಬಳೇ ನಿಂತಿದ್ದಾಳೆ. ಅವನ ಮಾತನ್ನೇ ಮತ್ತೆ ಬಾಯಿಯಲ್ಲಿ ಆಡಿಕೊಂಡು, ನೀನು ಕುಲೀನನೇ ಸರಿ, ನಿನ್ನ ನಾಲಿಗೆ, ನಿನ್ನ ಮುಖ, ನಿನ್ನ ನಡೆ ಎಲ್ಲ ಅದನ್ನೇ ಸಾರುತ್ತಿವೆ ಅನ್ನುತ್ತಾಳೆ. ಮೊದಲ ‘ದೌ’ ಬಂದದ್ದು ಅವನಿಲ್ಲದಾಗ.

ಮುಖ ನೋಡಿ ಹೇಳಲು ಮೂರನೇ ಅಂಕ ಬರಬೇಕಾಯಿತು. ‘ನಿಲ್ಲು, ನನ್ನ ಬಗ್ಗೆ ನೀನು ಏನಂದುಕೊಂಡಿದ್ದೀಯ ಹೇಳು’ ಅನ್ನುತ್ತಾಳೆ. ವಯೋಲಾ ‘ಯೂ’ದಲ್ಲೇ ಉತ್ತರಿಸಿ ದೂರ ನಿಲ್ಲುತ್ತಾಳೆ. ಒಲಿವಿಯಾಗೆ ನಾಚಿಕೆಯಾಯಿತೋ ಏನೋ, ತಾನೂ ‘ಯೂ’ಗೆ ಮರಳುತ್ತಾಳೆ. ಸ್ವಲ್ಪ ಹೊತ್ತಷ್ಟೇ. ಆಮೇಲೆ ತಡೆಯಲಾಗದೆ ವಸಂತದ ಗುಲಾಬಿಗಳ ಮೇಲೆ ಆಣೆ ಇಟ್ಟು, ನಿನ್ನನ್ನು ಪ್ರೀತಿಸುತ್ತೇನೆ ಅಂದುಬಿಡುತ್ತಾಳೆ. ಈಗ ಬರೀ ಪದ್ಯವೂ ಅಲ್ಲ, ಪ್ರಾಸಬದ್ಧ ಪದ್ಯ. ನಟಿಗೆ ಎಲ್ಲಿ ಹೆಜ್ಜೆ ಮುಂದಿಡಬೇಕು, ಎಲ್ಲಿ ಹಿಂದಕ್ಕೆ ಸರಿಯಬೇಕು ಅನ್ನುವುದೆಲ್ಲ ಈ ಸರ್ವನಾಮಗಳಲ್ಲೇ ಇದೆ.

ಇದೇ ಉಪಾಯ ನಗೆಗೂ ಒದಗುತ್ತದೆ. ಒಲಿವಿಯಾಳ ಮನೆವಾರ್ತೆ ನೋಡಿಕೊಳ್ಳುವ ಮಾಲ್ವೋಲಿಯೋ ಜಂಬದ ಮನುಷ್ಯ. ಅವನನ್ನು ಬಲೆಗೆ ಕೆಡವಲು ಒಲಿವಿಯಾಳ ಸಖಿ ಮರಿಯಾ ಒಡತಿಯ ಕೈಬರಹದಲ್ಲಿ ಒಂದು ಪ್ರೇಮದ ಕಾಗದ ಬರೆದು ತೋಟದಲ್ಲಿ ಬೀಳಿಸುತ್ತಾಳೆ. ಮೂವರು ಗಿಡದ ಮರೆಯಲ್ಲಿ ಅವಿತು ನೋಡುತ್ತಾರೆ. ಅವರನ್ನೂ ಅವನನ್ನೂ ಒಟ್ಟಿಗೆ ನೋಡುವವರು ನಾವು. ಹಿಂದೆ ‘ನಿಮಗೆ ನಿಮ್ಮ ಮೇಲಿನ ಮೋಹವೇ ರೋಗ’ ಅಂತ ಗದರಿದಾಗ ಒಲಿವಿಯಾ ‘ಯೂ’ ಅಂದಿದ್ದಳು. ಕಾಗದದ ತುಂಬ ‘ದೌ’. ಮಾಲ್ವೋಲಿಯೋಗೆ ಅಷ್ಟು ಸಾಕು. ಕಾಗದದಲ್ಲಿ ಹೇಳಿದ ಹಾಗೇ ಹಳದಿ ಕಾಲುಚೀಲ ಹಾಕಿ, ಅಡ್ಡಡ್ಡ ಪಟ್ಟಿ ಬಿಗಿದು, ಹಲ್ಲು ಕಿರಿಯುತ್ತಾ ಹೋಗಿ ನಿಲ್ಲುತ್ತಾನೆ. 1602ರ ಫೆಬ್ರವರಿ 2ರಂದು ಲಂಡನ್ನಿನ ಮಿಡಲ್ ಟೆಂಪಲ್‌ನಲ್ಲಿ ಈ ನಾಟಕ ನೋಡಿದ ಜಾನ್ ಮ್ಯಾನಿಂಗ್‌ಹ್ಯಾಮ್ ಎಂಬ ಕಾನೂನು ವಿದ್ಯಾರ್ಥಿ ದಿನಚರಿಯಲ್ಲಿ ಮೆಚ್ಚಿ ಬರೆದದ್ದೂ ಈ ಕೀಟಲೆಯನ್ನೇ.

ಕೀಟಲೆ ಅತಿಯಾಗುತ್ತದೆ. ಹುಚ್ಚನೆಂದು ಅವನನ್ನು ಕತ್ತಲೆ ಕೋಣೆಯಲ್ಲಿ ಕೂಡುತ್ತಾರೆ. ನಾಟಕದುದ್ದಕ್ಕೂ ಗದ್ಯದಲ್ಲಿ ಬೀಗಿದವನು, ಕೊನೆಯ ದೃಶ್ಯದಲ್ಲಿ ಆ ಕಾಗದ ಹಿಡಿದು ‘ನನಗೇಕೆ ಹೀಗೆ ಮಾಡಿದಿರಿ’ ಅಂತ ಕೇಳುವಾಗ ಪದ್ಯದಲ್ಲಿ ಮಾತಾಡುತ್ತಾನೆ. ಆ ಹೊತ್ತಿಗೆ ನಗು ಗಂಟಲಲ್ಲೇ ನಿಲ್ಲುತ್ತದೆ.

ಆರ್ಸಿನೋ ಕಡೆ ಬರೋಣ. ಸೆಸಾರಿಯೋ ಅವನ ಕೆಲಸದ ಹುಡುಗ, ಹಾಗಾಗಿ ‘ದೌ’. ಸೆಬಾಸ್ಟಿಯನ್ ಬದುಕಿ ಬಂದು, ಗುಟ್ಟು ಒಡೆದ ಮೇಲೂ ‘ನಿನ್ನ ಕೈ ಕೊಡು’ ಅಂತ ‘ದೌ’ ಧಾಟಿಯಲ್ಲೇ ಶುರು ಮಾಡುತ್ತಾನೆ. ಸ್ವಲ್ಪ ಹೊತ್ತಿಗೆ ‘ನಿಮ್ಮ ಒಡೆಯ ನಿಮ್ಮನ್ನು ಕೆಲಸದಿಂದ ಬಿಡುಗಡೆ ಮಾಡಿದ್ದಾನೆ, ಇನ್ನು ನೀವು ಅವನಿಗೇ ಒಡತಿ’ ಅನ್ನುತ್ತಾನೆ. ಒಲಿವಿಯಾ ಪ್ರೀತಿ ಬಂದಾಗ ‘ನೀವು’ ಬಿಟ್ಟು ‘ನೀನು’ಗೆ ಬಂದಳು. ಇವನು ‘ನೀನು’ ಬಿಟ್ಟು ‘ನೀವು’ಗೆ ಏರಿದ. ಆಳಾಗಿದ್ದವಳನ್ನು ಸರಿಸಮ ಕೂರಿಸಲು ಅವನಿಗೆ ಬೇರೆ ದಾರಿ ಎಲ್ಲಿತ್ತು?

ವಯೋಲಾಳ ಸೀರೆಸಿಂಗಾರ ಮಾತ್ರ ನಮಗೆ ಕಾಣಸಿಗುವುದಿಲ್ಲ. ಅವಳ ಹೆಣ್ಣುಡುಪು ಇರುವುದು ಕಪ್ತಾನನ ಬಳಿ. ಕಪ್ತಾನ ಮಾಲ್ವೋಲಿಯೋ ಹೂಡಿದ ದಾವೆಯಿಂದ ಸೆರೆಯಲ್ಲಿದ್ದಾನೆ. ಮಾಲ್ವೋಲಿಯೋ ಸೇಡು ತೀರಿಸಿಕೊಳ್ಳುತ್ತೇನೆ ಅಂತ ಗುಡುಗಿ ಹೊರಟುಹೋಗಿದ್ದಾನೆ. ಹಾಗಾಗಿ ನಾಟಕ ಮುಗಿಯುವಾಗಲೂ ಅವಳು ಗಂಡುಡುಪಿನಲ್ಲೇ ಇದ್ದಾಳೆ. ಆರ್ಸಿನೋ ಅವಳನ್ನು ಕರೆಯುವುದೂ ಹಳೆಯ ಹೆಸರಿನಿಂದಲೇ: ‘ಸೆಸಾರಿಯೋ, ಬನ್ನಿ.’