ಬೆಳಕಿನ ಗ್ರಾಫಿನ ಮೇಲೊಂದು ಉಬ್ಬು: ಮಿಡಿಯುವ ನಕ್ಷತ್ರಗಳಲ್ಲಿ ಆಘಾತ ತರಂಗದ ಪಾತ್ರ

ಮಿಡಿಯುವ ನಕ್ಷತ್ರಗಳ ಬಗ್ಗೆ ಈಗ ಮೂರು ಬಗೆಯ ಮಾತುಗಳು ಒಟ್ಟೊಟ್ಟಿಗೇ ಕೇಳಿಬರುತ್ತವೆ. ನಕ್ಷತ್ರ ಉಬ್ಬಿ ಕುಗ್ಗುವುದರಿಂದ ಅದರ ಬೆಳಕು ಏರಿಳಿಯುತ್ತದೆ ಎನ್ನುವುದು ಪಠ್ಯಪುಸ್ತಕದ ಮಾತು. ಒಳಗಿನಿಂದ ಹೊರಟು ಮೇಲ್ಪದರವನ್ನು ಸೀಳುವ ಆಘಾತ ತರಂಗಗಳೇ ಆ ಬೆಳಕನ್ನು ರೂಪಿಸುತ್ತವೆ ಎನ್ನುವುದು ಇತ್ತೀಚಿನ ಮಾತು. ಅವು ಹೊರಗಿನ ತೆಳುಪದರದ ಗದ್ದಲವಷ್ಟೇ, ಮುಖ್ಯ ಲೆಕ್ಕಕ್ಕೆ ಬೇಕಿಲ್ಲ ಎನ್ನುವುದು ಇನ್ನೊಂದು ಮಾತು. ಮೂರರಲ್ಲೂ ನಿಜವಿದೆ. ಯಾವ ಜಾತಿಯ ನಕ್ಷತ್ರ, ಬೆಳಕಿನ ಯಾವ ಬಣ್ಣ ಎಂಬುದನ್ನು ಹೇಳದೆ ವಾದಿಸುವುದರಿಂದ ವಿಷಯ ಗೋಜಲಾಗಿದೆ.

ಹಳೆಯ ಕಥೆ ಚಿಕ್ಕದು. 1596ರಲ್ಲಿ ಡೇವಿಡ್ ಫೆಬ್ರೀಷಿಯಸ್ ತಿಮಿಂಗಿಲ ಪುಂಜದ ಮೀರಾ ನಕ್ಷತ್ರ ಮಸುಕಾಗುವುದನ್ನು ಕಂಡರು. 1784ರಲ್ಲಿ ಜಾನ್ ಗುಡ್‌ರಿಕ್ ಡೆಲ್ಟಾ ಸಿಫಿ ಎಂಬ ನಕ್ಷತ್ರದ ಬೆಳಕಿನ ಐದು ದಿನ ಒಂಬತ್ತು ಗಂಟೆಯ ಏರಿಳಿತವನ್ನು ದಾಖಲಿಸಿದರು. ಜೋಡಿ ನಕ್ಷತ್ರಗಳ ಗ್ರಹಣದಿಂದ ಹೀಗಾಗುತ್ತದೆಂಬ ನಂಬಿಕೆಯನ್ನು 1914ರಲ್ಲಿ ಹಾರ್ಲೋ ಶಾಪ್ಲಿ ಅಲ್ಲಗಳೆದು ಮಿಡಿತದ ವಾದವನ್ನು ಮುಂದಿಟ್ಟರು. ಎಡಿಂಗ್ಟನ್ ಅದಕ್ಕೆ ಗಣಿತ ಕೊಟ್ಟರು. ಶಾಖವನ್ನು ತಡೆದು ಬಿಟ್ಟು ಮಿಡಿತವನ್ನು ನಡೆಸುವ ಕವಾಟ ಹೀಲಿಯಂ ಅಯಾನೀಕರಣದ, ಅಂದರೆ ಹೀಲಿಯಂ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುವ, ಪದರದಲ್ಲಿದೆ ಎಂದು 1953ರ ಹೊತ್ತಿಗೆ ಸೆರ್ಗೇಯ್ ಝೆವಾಕಿನ್ ತೋರಿಸಿದರು.

ಈ ಕಥೆಗೆ ಬೆಂಗಳೂರಿನ ಕಡೆಯಿಂದಲೂ ಒಂದು ಕೊಂಡಿಯಿದೆ. 1867ರಲ್ಲಿ ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಅವರು ಆರ್ ರೆಟಿಕ್ಯುಲಿ ಎಂಬ ನಕ್ಷತ್ರದ ಬೆಳಕು ಬದಲಾಗುವುದನ್ನು ಪತ್ತೆ ಹಚ್ಚಿದರು. ಅದು ಮೀರಾ ಜಾತಿಯದು, ಆವರ್ತ ಸುಮಾರು 278 ದಿನ. ಆ ವೀಕ್ಷಣಾಲಯದ ಪರಂಪರೆ ಕೊಡೈಕನಾಲ್ ಮೂಲಕ ಸಾಗಿ ಇಂದು ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನಲ್ಲಿ ನೆಲೆಸಿದೆ. ಮದ್ರಾಸಿನಿಂದಾಗಲಿ ಬೆಂಗಳೂರಿನಿಂದಾಗಲಿ ನೋಡಿದರೆ ಆರ್ ರೆಟಿಕ್ಯುಲಿ ದಕ್ಷಿಣ ದಿಗಂತದಿಂದ ಹದಿನಾಲ್ಕು ಡಿಗ್ರಿಗಿಂತ ಮೇಲೇರುವುದಿಲ್ಲ. ಅಷ್ಟು ತಗ್ಗಿನಲ್ಲಿರುವ ನಕ್ಷತ್ರದ ಬೆಳಕನ್ನು ನೆರೆಯ ತಾರೆಗಳೊಂದಿಗೆ ಹೋಲಿಸಿ ಅಳೆಯುವುದು ಎಷ್ಟು ತಾಳ್ಮೆಯ ಕೆಲಸವೆಂಬುದು ದೂರದರ್ಶಕ ಹಿಡಿದವರಿಗೆ ಗೊತ್ತು.

ಆಘಾತ ತರಂಗದ ಮಾತು ನಿಜವಾಗಿ ಶುರುವಾಗುವುದು 1940ರ ದಶಕದ ಕೊನೆಗೆ, ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ ರೋಹಿತ ಚಿತ್ರಗಳಿಂದ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಚಿತ್ರಗಳಿಂದ. ಆರ್‌ಆರ್ ಲೈರೆ ನಕ್ಷತ್ರ ಹದಿಮೂರೂವರೆ ಗಂಟೆಗೊಮ್ಮೆ ಮಿಡಿಯುತ್ತದೆ. ಅದರ ಬೆಳಕು ಕಡಿದಾಗಿ ಏರುವ ಹೊತ್ತಿನಲ್ಲಿ, ಒಂದು ಗಂಟೆಗೂ ಕಡಿಮೆ ಕಾಲ, ಜಲಜನಕದ ಕಪ್ಪು ರೇಖೆಗಳ ಬಳಿ ಹೊಳೆಯುವ ರೇಖೆ ಮೂಡಿ ಮಾಯವಾಗುತ್ತದೆಂದು ರೋಸ್ಕೋ ಸ್ಯಾನ್‌ಫರ್ಡ್ ವರದಿ ಮಾಡಿದರು. ಡಬ್ಲ್ಯೂ ವರ್ಜಿನಿಸ್ ಎಂಬ ಇನ್ನೊಂದು ನಕ್ಷತ್ರದಲ್ಲಿ ಅವರಿಗೆ ಒಂದೊಂದು ರೇಖೆಯೂ ಎರಡಾಗಿ ಒಡೆದದ್ದು ಕಂಡಿತು: ಒಂದು ಕೆಂಪಿನತ್ತ, ಇನ್ನೊಂದು ನೀಲಿಯತ್ತ ಸರಿದಿತ್ತು. ಮಾರ್ಟಿನ್ ಶ್ವಾರ್ಜ್‌ಚೈಲ್ಡ್ ಇದಕ್ಕೆ ಕೊಟ್ಟ ವಿವರಣೆ ಇಂದಿಗೂ ನಿಂತಿದೆ. ಹಿಂದಿನ ಮಿಡಿತದಲ್ಲಿ ಮೇಲಕ್ಕೆಸೆದ ಅನಿಲ ಇನ್ನೂ ಕೆಳಗೆ ಬೀಳುತ್ತಿರುವಾಗಲೇ ಹೊಸ ಮಿಡಿತದ ಅನಿಲ ಕೆಳಗಿನಿಂದ ನುಗ್ಗಿ ಬರುತ್ತದೆ. ಎರಡೂ ಎದುರಾದಲ್ಲಿ ಶಬ್ದದ ವೇಗವನ್ನು ಮೀರಿದ ಗಡಿಯೊಂದು ಏರ್ಪಡುತ್ತದೆ. ಅದರ ಮೇಲಿನ ಅನಿಲ ನಮ್ಮಿಂದ ದೂರ ಸರಿಯುತ್ತ ಕೆಂಪಿನತ್ತ ಸರಿದ ರೇಖೆಯನ್ನೂ ಕೆಳಗಿನದು ನಮ್ಮತ್ತ ಬರುತ್ತ ನೀಲಿಯತ್ತ ಸರಿದ ರೇಖೆಯನ್ನೂ ಕೊಡುತ್ತದೆ.

ಹೆಬ್ಬಾಳದ ಮೇಲ್ಸೇತುವೆ ಇಳಿದು ವೇಗವಾಗಿ ಬರುವ ವಾಹನಗಳು ಕೆಳಗೆ ನಿಂತ ಸಾಲಿಗೆ ಬಂದು ಸೇರುವಾಗ ಸಾಲಿನ ಬಾಲ ಹಿಂದಕ್ಕೆ ಬೆಳೆಯುತ್ತ ಹೋಗುತ್ತದಲ್ಲ, ಆ ಗಡಿಯೂ ಅಂಥದ್ದೇ: ಅನಿಲ ಒಂದು ಕಡೆಗೆ ಸಾಗುತ್ತಿದ್ದರೂ ಗಡಿ ತನ್ನದೇ ವೇಗದಲ್ಲಿ ಇನ್ನೊಂದು ಕಡೆಗೆ ಸಾಗುತ್ತದೆ. ನಕ್ಷತ್ರದಲ್ಲಿ ಮೇಲೆ ಹೋದಷ್ಟೂ ಸಾಂದ್ರತೆ ಇಳಿಯುವುದರಿಂದ ತರಂಗ ಇನ್ನಷ್ಟು ಬಲಗೊಳ್ಳುತ್ತದೆ. ಗಡಿ ದಾಟಿದ ಅನಿಲ ಒತ್ತಿಕೊಂಡು ಕಾಯುತ್ತದೆ, ಅದರ ಜಲಜನಕ ಅಯಾನೀಕರಣಗೊಳ್ಳುತ್ತದೆ, ತಣಿಯುವಾಗ ಹೊಳೆಯುತ್ತದೆ. ಆರ್‌ಆರ್ ಲೈರೆ ಜಾತಿಯ ನಕ್ಷತ್ರಗಳಲ್ಲಿ ಹೀಲಿಯಂ ರೇಖೆಗಳು ಹೊಳೆಯುವುದನ್ನೂ 2009ರಲ್ಲಿ ಜಾರ್ಜ್ ಪ್ರೆಸ್ಟನ್ ತೋರಿಸಿದರು; ಆರೇಳು ಸಾವಿರ ಡಿಗ್ರಿಯ ಮೇಲ್ಮೈಯಿಂದ ಆ ರೇಖೆಗಳು ತಾವಾಗಿ ಬರಲಾರವು.

ಇಷ್ಟು ಸಾಕ್ಷ್ಯವಿದ್ದೂ ಬೆಳಕಿನ ಗ್ರಾಫನ್ನು, ಅಂದರೆ ಕಾಲ ಸರಿದಂತೆ ನಕ್ಷತ್ರದ ಬೆಳಕು ಏರಿಳಿಯುವುದನ್ನು ತೋರಿಸುವ ಗೆರೆಯನ್ನು, ವಿವರಿಸುವಾಗ ಆಘಾತ ತರಂಗ ಬಹುಕಾಲ ಹಿಂದಿನ ಸಾಲಿನಲ್ಲೇ ಉಳಿಯಿತು. ಇದಕ್ಕೆ ಒಂದು ಕಾರಣ ಲೆಕ್ಕಾಚಾರದ ಒಳಗೇ ಇತ್ತು. ಮ್ಯಾನ್‌ಹ್ಯಾಟನ್ ಯೋಜನೆಯಲ್ಲಿ ದುಡಿದಿದ್ದ ರಾಬರ್ಟ್ ಕ್ರಿಸ್ಟಿ 1960ರ ದಶಕದ ನಡುವಿನಲ್ಲಿ ಆರ್‌ಆರ್ ಲೈರೆಯ ಮಿಡಿತವನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಅದು ದೊಡ್ಡ ಸಾಧನೆ. ಆದರೆ ಹಾಳೆಯಷ್ಟು ತೆಳುವಾದ ಆಘಾತದ ಗಡಿಯನ್ನು ಅಂದಿನ ಯಂತ್ರಗಳು ಹಾಗೆಯೇ ಹಿಡಿಯಲಾರದ್ದರಿಂದ, ಕೃತಕ ಸ್ನಿಗ್ಧತೆ ಎಂಬ ಪದವನ್ನು ಸಮೀಕರಣಕ್ಕೆ ಸೇರಿಸಿ ಅದನ್ನು ಕೆಲವು ಪದರಗಳಿಗೆ ಹರಡಬೇಕಾಗುತ್ತಿತ್ತು. ಎಷ್ಟು ಸೇರಿಸಿದರು ಎನ್ನುವುದರ ಮೇಲೆ ಮಿಡಿತದ ಎತ್ತರವೂ ಗ್ರಾಫಿನ ಉಬ್ಬುಗಳೂ ಬದಲಾಗುತ್ತಿದ್ದವು. ಹಾಗಾಗಿ ಉಬ್ಬು ಕಂಡರೆ ಅದು ನಕ್ಷತ್ರದ್ದೋ ಸಮೀಕರಣದ್ದೋ ಎಂಬ ಅನುಮಾನ ಸಹಜವಾಗಿತ್ತು. ಅನುಮಾನ ಒಳ್ಳೆಯದೇ, ಅದು ರೂಢಿಯಾಗಿ, ನಯವಾದ ಗ್ರಾಫೇ ಸರಿಯಾದ ಗ್ರಾಫ್ ಎಂಬ ಭಾವನೆಗೆ ತಿರುಗಿದ್ದು ಮಾತ್ರ ದುಬಾರಿಯಾಯಿತು.

ಕೊನೆಗೆ ಆರ್‌ಆರ್ ಲೈರೆಯ ವಿಷಯದಲ್ಲಿ ಒಪ್ಪಿಗೆಯಾದ ಚಿತ್ರ ಹೀಗಿದೆ. ಬೆಳಕಿನ ದೊಡ್ಡ ಏರಿಳಿತಕ್ಕೆ ಉಷ್ಣತೆಯ ಬದಲಾವಣೆ ಮತ್ತು ಅಯಾನೀಕರಣದ ಪದರಗಳೇ ಕಾರಣ. ಗರಿಷ್ಠಕ್ಕೆ ತುಸು ಮೊದಲು ಏರುವ ಹಾದಿಯಲ್ಲಿ ಕಾಣುವ ತಿರುವು ಮುಖ್ಯ ಆಘಾತ ತರಂಗದ ಗುರುತು. ಕನಿಷ್ಠಕ್ಕೆ ಮೊದಲು ಬರುವ ಪುಟ್ಟ ಉಬ್ಬು, ಬೀಳುವ ಹೊರಪದರ ಒಳಗಿನ ನಿಧಾನದ ಪದರಕ್ಕೆ ಬಡಿಯುವುದರಿಂದ ಆದದ್ದು.

ಡೆಲ್ಟಾ ಸಿಫಿಯ ಜಾತಿಯವಾದ ಸಿಫಿಯಡ್‌ಗಳ ಉಬ್ಬಿನ ಕಥೆಯೇ ಬೇರೆ, ಇದನ್ನು ಮೇಲಿನದರೊಂದಿಗೆ ಬೆರೆಸುವುದು ಸಾಮಾನ್ಯ ತಪ್ಪು. ಆವರ್ತ ಹೆಚ್ಚಾದಂತೆ ಉಬ್ಬು ಇಳಿಯುವ ಹಾದಿಯಿಂದ ಸರಿದು, ಹತ್ತು ದಿನದ ಆಸುಪಾಸಿನಲ್ಲಿ ಶಿಖರದ ಬಳಿ ಬಂದು, ಮುಂದೆ ಏರುವ ಹಾದಿಗೆ ದಾಟುವುದನ್ನು 1926ರಲ್ಲಿ ಹರ್ಟ್ಸ್‌ಸ್ಪ್ರುಂಗ್ ಗುರುತಿಸಿದ್ದರು. ಒಳಕ್ಕೆ ಹೋದ ಒತ್ತಡದ ಅಲೆ ಗರ್ಭಕ್ಕೆ ಬಡಿದು ಮುಂದಿನ ಮಿಡಿತದಲ್ಲಿ ಮೇಲೆ ಬರುವ ಪ್ರತಿಧ್ವನಿಯಿದು ಎಂದು ಕ್ರಿಸ್ಟಿ ಹೇಳಿದರು. ಮೂಲ ಮಿಡಿತಕ್ಕೂ ಅದರ ಅರ್ಧ ಆವರ್ತದ ಎರಡನೆಯ ಅಧಿಸ್ವರಕ್ಕೂ (ಮೂಲಕ್ಕಿಂತ ಬೇಗ ಮಿಡಿಯುವ ಇನ್ನೊಂದು ಬಗೆಯ ಕಂಪನಕ್ಕೂ) ನಡುವಿನ ಅನುರಣನ, ಅಂದರೆ ತಾಳ ಕೂಡಿ ಒಂದು ಇನ್ನೊಂದನ್ನು ಬಲಪಡಿಸುವುದು, ಇದು ಎಂದು 1976ರಲ್ಲಿ ಸೈಮನ್ ಮತ್ತು ಶ್ಮಿಟ್ ಹೇಳಿದರು. ಒಂದೇ ಘಟನೆಯನ್ನು ಎರಡು ಭಾಷೆಯಲ್ಲಿ ಹೇಳಿದಂತಿರುವ ಈ ವಿವರಣೆಗಳಿಗಾಗಿ ಅಷ್ಟು ವರ್ಷ ಎದುರುಬದುರು ನಿಲ್ಲುವ ಅಗತ್ಯವಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ.

ಮೀರಾದಂಥ ದೈತ್ಯರಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಮೀರಾದ ಕಣ್ಣಿಗೆ ಕಾಣುವ ಬೆಳಕು ನೂರಾರು ಪಟ್ಟು ಬದಲಾದರೂ, ಅದು ಹೊರಸೂಸುವ ಒಟ್ಟು ಶಕ್ತಿ ಎರಡು ಮೂರು ಪಟ್ಟು ಮಾತ್ರ ಬದಲಾಗುತ್ತದೆ. ಈ ಅಂತರವನ್ನು ಪೆಟಿಟ್ ಮತ್ತು ನಿಕಲ್ಸನ್ 1933ರಲ್ಲೇ ತೋರಿಸಿದ್ದರು. ಉಳಿದ ಕೆಲಸ ಟೈಟಾನಿಯಂ ಆಕ್ಸೈಡಿನದು: ನಕ್ಷತ್ರ ತಣಿದಾಗ ದಟ್ಟವಾಗುವ ಈ ಅಣು ಕಣ್ಣಿಗೆ ಕಾಣುವ ಬೆಳಕನ್ನೇ ನುಂಗುತ್ತದೆ. ಆಘಾತ ತರಂಗ ಅನಿಲವನ್ನು ಮೇಲಕ್ಕೆತ್ತಿ ವಾತಾವರಣವನ್ನು ಹಿಗ್ಗಿಸುತ್ತದೆ, ಅಲ್ಲಿ ದೂಳು ಹುಟ್ಟುತ್ತದೆ, ಬೆಳಕಿನ ಒತ್ತಡ ಆ ದೂಳನ್ನು ಹೊರಕ್ಕೆ ತಳ್ಳುತ್ತದೆ. ಇಲ್ಲಿ ಆಘಾತ ತರಂಗ ತಾನು ಬೆಳಗುವುದಕ್ಕಿಂತ ಹೆಚ್ಚಾಗಿ, ಬೆಳಕಿಗೆ ಅಡ್ಡವಾಗುವ ಪರದೆಯನ್ನು ನೇಯುತ್ತದೆ.

ಡೆಲ್ಟಾ ಸಿಫಿಯ ಕ್ಷಕಿರಣ, ನಕ್ಷತ್ರ ಅತಿ ದೊಡ್ಡದಾಗುವ ಹೊತ್ತಿಗೆ ಹೆಚ್ಚುವುದು 2017ರಲ್ಲಿ ವರದಿಯಾಯಿತು. ಅದು ಆಘಾತದ್ದೋ ಕಾಂತಕ್ಷೇತ್ರದ್ದೋ ಎಂಬ ಚರ್ಚೆ ನಡೆದಿದೆ. 1907ರಲ್ಲಿ ಬ್ಲಾಷ್ಕೋ ಕಂಡ, ಮಿಡಿತದ ಆಕಾರವೇ ವಾರಗಟ್ಟಲೆ ಬದಲಾಗುವ ಒಗಟಿಗೂ ಆಘಾತ ತರಂಗವನ್ನು ಕಾರಣವಾಗಿ ಸೂಚಿಸಿದವರಿದ್ದಾರೆ. ಕೆಪ್ಲರ್ ಮತ್ತು ಟೆಸ್ ಎಂಬ ಬಾಹ್ಯಾಕಾಶ ದೂರದರ್ಶಕ ನೌಕೆಗಳಿಂದ ಬೆಳಕಿನ ಗ್ರಾಫುಗಳು ರಾಶಿಯಾಗಿ ಬಂದಿವೆ, ಆದರೆ ಆಘಾತದ ಗಡಿ ಮೇಲ್ಪದರವನ್ನು ದಾಟುವ ಆ ಅರ್ಧ ಮುಕ್ಕಾಲು ಗಂಟೆಯ ರೋಹಿತ ಕೆಲವೇ ನಕ್ಷತ್ರಗಳಿಗೆ ಸಿಕ್ಕಿದೆ. ಹದಿಮೂರೂವರೆ ಗಂಟೆಯ ಮಿಡಿತ ಒಂದೇ ಊರಿನ ಒಂದು ರಾತ್ರಿಯಲ್ಲಿ ಮುಗಿಯುವುದಿಲ್ಲ, ತಮಿಳುನಾಡಿನ ಕಾವಲೂರಿನ 2.34 ಮೀಟರ್ ದೂರದರ್ಶಕವಾಗಲಿ, ಹೊಸಕೋಟೆಯಿಂದ ನಡೆಸುವ ಲಡಾಖಿನ ಹಾನ್ಲೆಯ 2 ಮೀಟರ್ ದೂರದರ್ಶಕವಾಗಲಿ ಬೇರೆ ರೇಖಾಂಶದ ವೀಕ್ಷಣಾಲಯಗಳೊಂದಿಗೆ ಸರದಿ ಹಂಚಿಕೊಂಡರೆ ಮಾತ್ರ ಅದು ಪೂರ್ತಿಯಾಗಿ ದಾಖಲಾಗುತ್ತದೆ.